ದಿವಾನ್ ದೇವಡಿಯ ಹೆಬ್ಬಾಗಿಲು

ಊರಿನಿಂದ ನೆಂಟರಿಷ್ಟರು ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಬಂದಿಳಿದರೆಂದರೆ, ಮರುದಿನವೇ ಅವರಿಗೆ ಚಾರ್‌ಮಿನಾರ್ ಮತ್ತು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ತೋರಿಸುವುದು ನಮ್ಮೆಲ್ಲರ ಮನೆಯ ಪದ್ಧತಿ. ಇವೆರಡರ ನಡುವೆ, ಮದೀನಾ ಬಳಿಯ ಬಟ್ಟೆ ಅಂಗಡಿಗಳ ಸಂದಣಿಯಲ್ಲಿ, ಹಳೆಯ ಹೆಬ್ಬಾಗಿಲುಗಳಿವೆ. ಸೀರೆಯ ದರ ಚೌಕಾಸಿ ಮಾಡುತ್ತ ಅವುಗಳ ಮಗ್ಗುಲಲ್ಲೇ ಹಾದುಹೋಗಿರುತ್ತೇವೆ, ತಲೆಯೆತ್ತಿ ನೋಡಿರುವುದಿಲ್ಲ. ಅವೇ ದಿವಾನ್ ದೇವಡಿಯ ಬಾಗಿಲುಗಳು.

ದೇವಡಿ ಎಂದರೆ ಮೂಲತಃ ಹೆಬ್ಬಾಗಿಲು, ಪಹರೆಯವರಿರುವ ದ್ವಾರ. ಕ್ರಮೇಣ ಹೈದರಾಬಾದಿನಲ್ಲಿ ಒಳಗಿನ ಮಹಲಿಗೇ ಆ ಹೆಸರಾಯಿತು. ನಮ್ಮ ಕಡೆಯ ದೇಸಾಯರ, ದೇಶಮುಖರ ವಾಡೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಮನೆತನದ ಅಂತಸ್ತನ್ನು ಹೊರಗಿನವರು ಅಳೆಯುತ್ತಿದ್ದುದು ಬಾಗಿಲಿನಿಂದಲೇ.

ಇದು ನಿಜಾಮರಿಗೆ ಹಲವು ದಿವಾನರನ್ನು ಕೊಟ್ಟ ಸಾಲಾರ್ ಜಂಗ್ ಮನೆತನದ ವಾಸಸ್ಥಾನ. ಇವರ ಪೂರ್ವಿಕರು ಅರಬಸ್ಥಾನದಿಂದ ಬಂದು ಮೊದಲು ನೆಲೆಸಿದ್ದು ನಮ್ಮ ವಿಜಾಪುರದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ. ಮನೆತನದ ಹೆಸರಾಂತ ಪುರುಷರಾದ ಮೊದಲನೆಯ ಸಾಲಾರ್ ಜಂಗ್ 1853ರಲ್ಲಿ, 24ರ ಹರೆಯದಲ್ಲಿ ದಿವಾನರಾಗಿ, 1883ರಲ್ಲಿ ತೀರಿಕೊಳ್ಳುವವರೆಗೂ ರಾಜ್ಯಭಾರ ನಡೆಸಿದರು. ಕಂದಾಯ ವಸೂಲಿಯನ್ನು ಗುತ್ತಿಗೆದಾರರ ಕೈಯಿಂದ ಬಿಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿ, 1860ರ ದಶಕದಲ್ಲಿ ಜಿಲ್ಲಾ ಆಡಳಿತವನ್ನು ರೂಪಿಸಿದವರು ಅವರೇ. ಸಂಬಳವನ್ನೇ ನಂಬಿದ ನನ್ನಂಥ ಗುಮಾಸ್ತನಿಗೆ ಇದು ಸಣ್ಣ ಸಂಗತಿಯೇನಲ್ಲ!

ಆದರೆ ಕನ್ನಡಿಗರಿಗೆ ಈ ಹೆಸರಿನೊಡನೆ ಒಂದು ನೋವೂ ಉಂಟು. ಬ್ರಿಟಿಷರ ವಿರುದ್ಧ ಕಾದಾಡಿದ ಸುರಪುರದ ರಾಜಾ ವೆಂಕಟಪ್ಪ ನಾಯಕರು 1858ರ ಫೆಬ್ರವರಿಯಲ್ಲಿ ಹೈದರಾಬಾದಿಗೆ ಬಂದರು. ಇಲ್ಲಿ ಸೆರೆಸಿಕ್ಕ ಅವರನ್ನು ಇದೇ ದಿವಾನರು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದರು. ಅದೇ ವರ್ಷ, ಬಂಧನದಲ್ಲಿದ್ದಾಗಲೇ, ನಾಯಕರು ಗುಂಡೇಟಿನಿಂದ ಮಡಿದರು. 1860ರಲ್ಲಿ ಬ್ರಿಟಿಷರು ರಾಯಚೂರು ಸೀಮೆಯನ್ನು ನಿಜಾಮರಿಗೆ ಮರಳಿಸಿದರು, ಸುರಪುರವನ್ನೂ ಕೊಟ್ಟರು. ನಮ್ಮ ಸೀಮೆಗೆ ಜಿಲ್ಲೆಗಳ ವ್ಯವಸ್ಥೆ ತಂದ ಕೈಯೇ ನಮ್ಮ ದೊರೆಯನ್ನೂ ಒಪ್ಪಿಸಿತು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಇತಿಹಾಸವೆನಿಸದು.

ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡರು. ಅವರು ಅವಿವಾಹಿತರು. ಅವರು ಕೂಡಿಸಿದ್ದ ಕಲಾವಸ್ತುಗಳ ಸಂಗ್ರಹಾಲಯವನ್ನು 1951ರ ಡಿಸೆಂಬರ್ 16ರಂದು ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದ್ದು ಈ ದೇವಡಿಯಲ್ಲೇ. 1961ರ ಸಂಸತ್ತಿನ ಶಾಸನವು ಸಂಗ್ರಹಾಲಯಕ್ಕೆ ರಾಷ್ಟ್ರೀಯ ಮಹತ್ವದ ಸ್ಥಾನ ಕೊಟ್ಟಿತು. 1968ರಲ್ಲಿ ಅದು ಮೂಸಿ ದಂಡೆಯ ಹೊಸ ಕಟ್ಟಡಕ್ಕೆ ಹೋಯಿತು. ವಸ್ತುಗಳಿಗೆ ರಕ್ಷಣೆ ಸಿಕ್ಕಿತು. ಅವನ್ನು ಸಾಕಿದ ಮನೆಗೆ ಸಿಗಲಿಲ್ಲ. ಮಹಲು ಉರುಳಿ ಅಲ್ಲಿ ಅಂಗಡಿಗಳ ಕಟ್ಟಡಗಳೆದ್ದವು. ಹೆಬ್ಬಾಗಿಲುಗಳು ಮಾತ್ರ ಉಳಿದವು.

ಹೀಗಾಗಿ ದೇವಡಿ ಎಂಬ ಮಾತು ಮತ್ತೆ ತನ್ನ ಮೊದಲಿನ ಅರ್ಥಕ್ಕೇ ಬಂದು ನಿಂತಿದೆ. ಮುಂದಿನ ಸಲ ನೆಂಟರೊಡನೆ ಆ ಕಡೆ ಹೋದಾಗ, ಬಟ್ಟೆ ಕೊಳ್ಳುವ ಮುನ್ನ ಎರಡು ನಿಮಿಷ ಅಲ್ಲಿ ನಿಲ್ಲಿ. ಜೊತೆಗಿರುವ ಮಕ್ಕಳಿಗೆ ದಿವಾನರ ಕಥೆಯ ಸಂಗಡ ಸುರಪುರದ ನಾಯಕರ ಕಥೆಯನ್ನೂ ಹೇಳಿ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ಅವರಿಗೆ ಎರಡೂ ಸಲ್ಲಬೇಕಾದವು.