ಜೆರ್ಮಾಟ್‌ನಲ್ಲಿ ಸ್ಕೀಯಿಂಗ್

ಜೆರ್ಮಾಟ್ ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದಲ್ಲಿರುವ ವ್ಯಾಲೆ ಪ್ರಾಂತ್ಯದ ಒಂದು ಗ್ರಾಮ. ಆಲ್ಪ್ಸ್ ಪರ್ವತಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ, 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿದೆ. ಹಿಮದ ಮೇಲೆ ಹಲಗೆಗಳನ್ನು ಕಟ್ಟಿಕೊಂಡು ಜಾರುವ ಸ್ಕೀಯಿಂಗ್ ಕ್ರೀಡೆಗೆ ಇದು ವಿಶ್ವಪ್ರಸಿದ್ಧ. ಇಲ್ಲಿ ಹಿಮವನ್ನು ಬಹುಕಾಲ ಉಳಿಸುವ ಎತ್ತರವೇ ಗಾಳಿ, ಹಿಮಕುಸಿತ ಮತ್ತು ವಿರಳ ವಾಯುವಿನ ತೊಂದರೆಗಳಿಗೂ ಕಾರಣವಾಗಿದೆ. ಆದುದರಿಂದ ಪ್ರವಾಸದ ಯೋಜನೆಯಲ್ಲಿ ವಸತಿಯಷ್ಟೇ ಪ್ರಾಮುಖ್ಯವನ್ನು ಸುರಕ್ಷತೆಗೂ ಕೊಡಬೇಕಾಗುತ್ತದೆ.

ಇತಿಹಾಸ

1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಮತ್ತು ಸಂಗಡಿಗರು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದರು. ತಂಡದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಮೃತಪಟ್ಟರು. ಈ ದುರಂತದಿಂದ ಗ್ರಾಮದ ಹೆಸರು ಯುರೋಪಿನಾದ್ಯಂತ ಹರಡಿತು. 1891ರಲ್ಲಿ ವಿಸ್ಪ್ ಪಟ್ಟಣದಿಂದ ರೈಲುಮಾರ್ಗವೂ, 1898ರಲ್ಲಿ 3,089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ಗೆ ಹಲ್ಲುಗಾಲಿಯ ವಿದ್ಯುತ್ ರೈಲೂ ಆರಂಭವಾದವು. ಮೊದಲ ದಶಕಗಳಲ್ಲಿ ವಿಸ್ಪ್ ರೈಲು ಬೇಸಿಗೆಯಲ್ಲಿ ಮಾತ್ರ ಓಡುತ್ತಿತ್ತು. ಹಿಮಕುಸಿತಕ್ಕೆ ತಡೆಗಳನ್ನು ಕಟ್ಟಿದ ಅನಂತರ, 1930ರ ದಶಕದಲ್ಲಿ ಅದು ವರ್ಷವಿಡೀ ಓಡತೊಡಗಿತು. ಚಳಿಗಾಲದ ಪ್ರವಾಸೋದ್ಯಮಕ್ಕೆ ಇದು ಭದ್ರ ಬುನಾದಿಯಾಯಿತು.

ತಲುಪುವ ಮಾರ್ಗ

ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಗ್ರಾಮದೊಳಗೆ ಪ್ರವೇಶವಿಲ್ಲ. ಕಾರಿನಲ್ಲಿ ಬರುವವರು ಸುಮಾರು 5 ಕಿ.ಮೀ. ಹಿಂದಿರುವ ಟೇಶ್ ಗ್ರಾಮದಲ್ಲಿ ವಾಹನ ನಿಲ್ಲಿಸಿ ರೈಲು ಹತ್ತುತ್ತಾರೆ. ಗ್ರಾಮದೊಳಗಿನ ಸಂಚಾರಕ್ಕೆ ಸಣ್ಣ ವಿದ್ಯುತ್ ವಾಹನಗಳಿವೆ. ಕಣಿವೆಯ ಮಾರ್ಗ ಮುಚ್ಚಿದರೆ ಹೊರಹೋಗಲು ಬೇರೆ ರಸ್ತೆ ಇರುವುದಿಲ್ಲ. 2018ರ ಜನವರಿಯಲ್ಲಿ ಭಾರೀ ಹಿಮದಿಂದ ರಸ್ತೆ ಮತ್ತು ರೈಲು ಎರಡೂ ನಿಂತು, ಸುಮಾರು 13,000 ಪ್ರವಾಸಿಗರು ಇಲ್ಲಿ ಸಿಲುಕಿಕೊಂಡಿದ್ದರು. ಕೆಲವರನ್ನು ಹೆಲಿಕಾಪ್ಟರ್ ಮೂಲಕ ಹೊರತರಲಾಯಿತು. ಹೀಗಾಗಿ ಮರಳುವ ವಿಮಾನಕ್ಕೆ ಮುನ್ನ ಒಂದು ದಿನದ ಬಿಡುವು ಇಟ್ಟುಕೊಳ್ಳುವುದು ಉಚಿತ.

ಕಾಲ ಮತ್ತು ಹಿಮ

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮುಖ್ಯ ಋತು. ಕ್ರಿಸ್‌ಮಸ್, ಹೊಸವರ್ಷ ಮತ್ತು ಫೆಬ್ರವರಿಯ ಶಾಲಾ ರಜೆಗಳಲ್ಲಿ ಜನಸಂದಣಿ ಮತ್ತು ಬಾಡಿಗೆ ಎರಡೂ ಹೆಚ್ಚು. ಥಿಯೊಡುಲ್ ಹಿಮನದಿಯ ಮೇಲೆ ಬೇಸಿಗೆಯಲ್ಲಿಯೂ ಸ್ಕೀಯಿಂಗ್ ನಡೆಯುತ್ತದೆ. ಆದರೆ ತಾಪಮಾನ ಏರಿಕೆಯಿಂದ ಹಿಮನದಿ ಕರಗುತ್ತಿದ್ದು, 2022ರ ಬೇಸಿಗೆಯಲ್ಲಿ ಇದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಇಲ್ಲಿಂದ ಇಟಲಿಯ ಚೆರ್ವಿನಿಯಾದ ಕಡೆಗೆ ಇಳಿಯುವ ವಿಶ್ವಕಪ್ ಓಟಗಳು 2022ರಲ್ಲೂ 2023ರಲ್ಲೂ ಹವಾಮಾನದ ಕಾರಣ ರದ್ದಾದವು.

ಸ್ಕೀಯಿಂಗ್ ಹಾದಿಗಳು

ಸ್ವಿಟ್ಜರ್ಲೆಂಡಿನಲ್ಲಿ ಸುಲಭ ಹಾದಿಗೆ ನೀಲಿ, ಮಧ್ಯಮಕ್ಕೆ ಕೆಂಪು, ಕಠಿಣಕ್ಕೆ ಕಪ್ಪು ಬಣ್ಣದ ಗುರುತುಗಳಿರುತ್ತವೆ. ಹೊಸಬರು ತರಬೇತಿ ಶಾಲೆಯಲ್ಲಿ ಪಾಠ ಪಡೆದು ನೀಲಿ ಹಾದಿಯಿಂದ ಆರಂಭಿಸುವುದು ರೂಢಿ. ಹಲಗೆ, ಬೂಟು ಮತ್ತು ಶಿರಸ್ತ್ರಾಣ ಬಾಡಿಗೆಗೆ ದೊರೆಯುತ್ತವೆ. ಕೇಬಲ್ ಕಾರ್ 3,883 ಮೀಟರ್ ಎತ್ತರದ ಕ್ಲೈನ್ ಮ್ಯಾಟರ್‌ಹಾರ್ನ್‌ವರೆಗೆ ಏರುತ್ತದೆ. ಅಲ್ಲಿಂದ ಗ್ರಾಮಕ್ಕೆ ಇಳಿಯುವ ಎತ್ತರ 2,200 ಮೀಟರಿಗೂ ಅಧಿಕ. ಅಲ್ಲಿ ವಾಯುಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ ಇರುವುದರಿಂದ ತಲೆನೋವು ಮತ್ತು ಆಯಾಸ ಸಾಮಾನ್ಯ. ಮೊದಲ ದಿನಗಳನ್ನು ಕೆಳಗಿನ ಹಾದಿಗಳಲ್ಲಿ ಕಳೆದರೆ ದೇಹ ಹೊಂದಿಕೊಳ್ಳುತ್ತದೆ.

ಸ್ಕೀ ಹಾದಿಗಳು ಗಡಿಯಾಚೆಯ ಚೆರ್ವಿನಿಯಾಕ್ಕೂ ಮುಂದುವರಿಯುತ್ತವೆ. 2023ರಿಂದ ಎರಡೂ ಕಡೆಗಳನ್ನು ಕೇಬಲ್ ಕಾರ್ ಜೋಡಿಸಿದೆ. ಗಾಳಿ ಹೆಚ್ಚಾಗಿ ಕೇಬಲ್ ಕಾರ್‌ಗಳು ನಿಂತರೆ ಇಟಲಿಯಿಂದ ಹಲವು ಗಂಟೆಗಳ ರಸ್ತೆ ಪ್ರಯಾಣ ಮಾಡಿ ಮರಳಬೇಕಾಗುತ್ತದೆ. ಆದ್ದರಿಂದ ಕೊನೆಯ ಕೇಬಲ್ ಕಾರಿನ ಸಮಯವನ್ನು ಬೆಳಿಗ್ಗೆಯೇ ತಿಳಿದಿರಬೇಕು.

ಸುರಕ್ಷತೆ

ಹಿಮಕುಸಿತದ ಅಪಾಯವನ್ನು ಯುರೋಪಿನಲ್ಲಿ ಐದು ಹಂತಗಳಲ್ಲಿ ಪ್ರಕಟಿಸಲಾಗುತ್ತದೆ: 1 ಅಲ್ಪ, 2 ಮಧ್ಯಮ, 3 ಗಣನೀಯ, 4 ಅಧಿಕ, 5 ಅತ್ಯಧಿಕ. ಸ್ವಿಟ್ಜರ್ಲೆಂಡಿನಲ್ಲಿ ಈ ಸೂಚನೆಯನ್ನು ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಹೊರಡಿಸುತ್ತದೆ. ಮೂರನೆಯ ಹಂತವೆಂದರೆ ಐದರಲ್ಲಿ ನಡುವಿನದು ಎಂದು ಹಗುರವಾಗಿ ಕಾಣುವುದು ತಪ್ಪು. ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಈ ಹಂತದಲ್ಲಿಯೇ. ಹಿಮದಡಿ ಹೂತವರು ಬದುಕುಳಿಯುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ಬಳಿಕ ತೀವ್ರವಾಗಿ ಕುಸಿಯುತ್ತದೆ. ಗುರುತು ಮಾಡಿದ ಹಾದಿಗಳನ್ನು ಬಿಟ್ಟು ಹೋಗುವವರು ಪರಿಣತ ಮಾರ್ಗದರ್ಶಕರೊಡನೆ, ಸಂಕೇತಯಂತ್ರ, ಶೋಧನಾ ಕೋಲು ಮತ್ತು ಸಲಿಕೆಗಳನ್ನು ಹೊಂದಿರಬೇಕು. ಹಿಮನದಿಯ ಮೇಲೆ ಮುಚ್ಚಿಕೊಂಡ ಆಳವಾದ ಬಿರುಕುಗಳೂ ಇರುತ್ತವೆ. ತುರ್ತು ವೈದ್ಯಕೀಯ ನೆರವಿಗೆ ದೂರವಾಣಿ ಸಂಖ್ಯೆ 144.

ವೀಸಾ ಮತ್ತು ವಿಮೆ

ಭಾರತೀಯ ಪ್ರಜೆಗಳಿಗೆ ಷೆಂಗೆನ್ ವೀಸಾ ಅಗತ್ಯ. ಅದು ಇಟಲಿಗೂ ಅನ್ವಯಿಸುತ್ತದೆ. ಗಡಿ ದಾಟುವಾಗ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಅನೇಕ ಸಾಮಾನ್ಯ ಪ್ರವಾಸ ವಿಮೆಗಳು ಚಳಿಗಾಲದ ಕ್ರೀಡೆಗಳನ್ನು ಹೊರಗಿಡುತ್ತವೆ. ರಕ್ಷಣಾ ಕಾರ್ಯದ ವೆಚ್ಚವನ್ನು ಸಾಮಾನ್ಯವಾಗಿ ಗಾಯಾಳುವೇ ಭರಿಸಬೇಕಾಗುವುದರಿಂದ, ಸ್ಕೀಯಿಂಗ್ ಹಾಗೂ ಹೆಲಿಕಾಪ್ಟರ್ ರಕ್ಷಣೆ ವಿಮೆಯಲ್ಲಿ ಸೇರಿವೆಯೇ ಎಂಬುದನ್ನು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳುವುದು ಅವಶ್ಯಕ.