ಹಿಲ್ಟನ್ ಹೆಡ್: ಹರಾಜಿನಲ್ಲಿ ಬಂದ ನೆಲ, ಹರಾಜಿನಲ್ಲೇ ಹೋದ ನೆಲ

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕಡಲಂಚಿನಲ್ಲಿ ಹಿಲ್ಟನ್ ಹೆಡ್ ಎಂಬ ದ್ವೀಪವಿದೆ. ಉದ್ದ ಸುಮಾರು 12 ಮೈಲಿ, ಅಗಲ ಹೆಚ್ಚೆಂದರೆ 5 ಮೈಲಿ. ಕೊರೆಯುವ ಚಳಿಯಿಲ್ಲದ ಹವೆ, ಓಕ್ ಮರಗಳ ನೆರಳು, ಗಾಲ್ಫ್ ಮೈದಾನಗಳು. ಉತ್ತರದ ಚಳಿನಾಡುಗಳಲ್ಲಿ ದುಡಿದು ನಿವೃತ್ತರಾದವರು ಇಲ್ಲೊಂದು ಮನೆ ಕೊಳ್ಳಲು ಬಯಸುವುದು ಸಹಜ. ಆದರೆ ಇಲ್ಲಿನ ನಿವೇಶನಗಳ ಹಳೆಯ ಕಾಗದಪತ್ರಗಳ ಹಿಂದೆ ಬೇರೊಂದು ಚರಿತ್ರೆ ಅಡಗಿದೆ.

ಒಂದು ಕಾಲಕ್ಕೆ ಇದು ಹತ್ತಿಯ ದ್ವೀಪ. ಆಫ್ರಿಕದಿಂದ ತಂದ ಗುಲಾಮರೂ ಅವರ ಸಂತತಿಯೂ ಇಲ್ಲಿ ನೀಳ ಎಳೆಯ ಹತ್ತಿ ಬೆಳೆಯುತ್ತಿದ್ದರು. ಅಂತರ್ಯುದ್ಧದ ಮೊದಲ ವರ್ಷ, 1861ರ ನವೆಂಬರ್ 7ರಂದು, ಒಕ್ಕೂಟದ ನೌಕಾಪಡೆ ದ್ವೀಪವನ್ನು ಗೆದ್ದಿತು. ತೋಟದ ಧಣಿಗಳು ಓಡಿಹೋದರು, ದುಡಿಯುವವರು ಉಳಿದರು. 1862ರಲ್ಲಿ ಅವರಿಗಾಗಿ ಮಿಚೆಲ್‌ವಿಲ್ ಎಂಬ ಊರು ಹುಟ್ಟಿತು. ಕುಟುಂಬಕ್ಕೊಂದು ಮನೆ, ಸುಮಾರು ಕಾಲು ಎಕರೆ ನೆಲ. ತಾವೇ ಆರಿಸಿದ ಪ್ರತಿನಿಧಿಗಳ ಆಡಳಿತ. ಮಕ್ಕಳಿಗೆ ಕಡ್ಡಾಯ ಶಾಲೆ.

ಧಣಿಗಳು ಒಕ್ಕೂಟ ಸರ್ಕಾರಕ್ಕೆ ತೆರಿಗೆ ಕಟ್ಟಿರಲಿಲ್ಲ. ಆ ಬಾಕಿಗಾಗಿ 1863ರಿಂದ ಈ ಕಡಲದ್ವೀಪಗಳ ತೋಟಗಳು ಹರಾಜಾದವು. ಹಾಗೆ ಕೈಬದಲಾದ ನೆಲದಲ್ಲಿ ಬಿಡುಗಡೆ ಹೊಂದಿದವರೂ ಕೂಡಿಟ್ಟ ಹಣದಿಂದ ಕೆಲವೇ ಎಕರೆಗಳ ತುಂಡುಗಳನ್ನು ಕೊಂಡರು. ಯುದ್ಧಾನಂತರವೂ ಈ ಕೊಳ್ಳುವಿಕೆ ನಡೆಯಿತು.

ಇವರ ಸಂತತಿಯೇ ಗಲಾ ಜನ. ಇಂಗ್ಲಿಷಿಗೆ ಆಫ್ರಿಕದ ನುಡಿಗಳು ಬೆರೆತ ಸ್ವಂತ ಭಾಷೆ ಅವರದು. ಬೇಸಾಯ, ಮೀನು, ಸಿಂಪಿ ಅವರ ಜೀವನಾಧಾರ. ಹೊರನಾಡಿಗೆ ಹೋಗಲು ದೋಣಿಯೇ ಗತಿ. ಉಯಿಲು ಬರೆಯುವ ಪದ್ಧತಿ ವಿರಳವಾಗಿತ್ತು. ಹಿರಿಯರು ಗತಿಸಿದಂತೆ ನೆಲ ಪಾಲಾಗದೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲರ ಜಂಟಿ ಸ್ವತ್ತಾಯಿತು. ಬಂಧುಗಳು ಒಟ್ಟಾಗಿ ಬಾಳುವಷ್ಟು ಕಾಲ ಈ ಏರ್ಪಾಡಿನಿಂದ ತೊಂದರೆಯಿರಲಿಲ್ಲ.

1956ರಲ್ಲಿ ಸೇತುವೆಯಾಯಿತು. ಚಾರ್ಲ್ಸ್ ಫ್ರೇಸರ್ ಎಂಬ ಯುವ ವಕೀಲ ದ್ವೀಪದ ದಕ್ಷಿಣದಲ್ಲಿ ಸೀ ಪೈನ್ಸ್ ಬಡಾವಣೆಯನ್ನು ಕಟ್ಟಿದ. ಮರಗಳನ್ನು ಉಳಿಸಿ, ಮನೆಯ ಬಣ್ಣವೂ ಕಾಡಿನೊಡನೆ ಹೊಂದಬೇಕೆಂದು ಕ್ರಯಪತ್ರದಲ್ಲೇ ಷರತ್ತು ಬರೆಸಿದ. ಈ ಮಾದರಿ ದೇಶದಾದ್ಯಂತ ಅನುಕರಣೆಗೊಂಡಿತು. ಅದರ ಬೆನ್ನಲ್ಲೇ ಬೇಲಿ, ಕಾವಲಿನ ಗೇಟುಗಳೂ ಬಂದವು. ಅನೇಕ ಬಡಾವಣೆಗಳು ‘ಪ್ಲಾಂಟೇಶನ್’ ಎಂಬ ಹೆಸರನ್ನೇ ಧರಿಸಿದವು; ಗಲಾ ಜನರ ಪೂರ್ವಿಕರು ಗುಲಾಮರಾಗಿ ದುಡಿದ ತೋಟಗಳಿಗೂ ಅದೇ ಹೆಸರು.

ಬಡಾವಣೆಗಳಿಂದ ನೆಲದ ಬೆಲೆ ಏರಿತು. ಬೆಲೆಯ ಜೊತೆ ತೆರಿಗೆಯೂ ಏರಿತು. ಕಟ್ಟಲಾಗದವರ ಜಮೀನು ಹರಾಜಿಗೆ ಬಂತು. ಜಂಟಿ ಸ್ವತ್ತಿಗೆ ಮತ್ತೊಂದು ಅಪಾಯವಿತ್ತು. ದೂರದೂರಿನಲ್ಲಿರುವ ಒಬ್ಬ ಪಾಲುದಾರ ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ, ಕೊಂಡವರು ನ್ಯಾಯಾಲಯದ ಮೂಲಕ ಇಡೀ ನೆಲವನ್ನೇ ಮಾರಿಸಬಹುದಿತ್ತು. ಅಲ್ಲೇ ಹುಟ್ಟಿ ಬೆಳೆದವರು ಮನೆ ಖಾಲಿ ಮಾಡಬೇಕಾಗುತ್ತಿತ್ತು.

2016ರಲ್ಲಿ ಸೌತ್ ಕೆರೊಲಿನಾ ಈ ಕಾನೂನನ್ನು ತಿದ್ದಿತು. ಮಾರಾಟ ಕೋರಿದವರ ಪಾಲನ್ನು, ನ್ಯಾಯಾಲಯ ನಿಗದಿ ಮಾಡಿದ ಬೆಲೆಗೆ ಕೊಳ್ಳುವ ಮೊದಲ ಅವಕಾಶ ಉಳಿದ ಬಂಧುಗಳಿಗೆ ದೊರೆಯಿತು. ಅಷ್ಟರಲ್ಲಿ ಬಹಳಷ್ಟು ನೆಲ ಕೈಬಿಟ್ಟಿತ್ತು.

ಗಲಾ ಜನರ ಹಳೆಯ ರುದ್ರಭೂಮಿಗಳಲ್ಲಿ ಒಂದಾದ ಬ್ರ್ಯಾಡಕ್ ಪಾಯಿಂಟ್ ಇಂದು ಸೀ ಪೈನ್ಸ್ ಬಡಾವಣೆಯ ಒಳಗಿದೆ. ಪೂರ್ವಿಕರ ಸಮಾಧಿಗೆ ಹೂವಿಡಲು ಬರುವವರು ಕಾವಲಿನ ಗೇಟು ದಾಟಿಯೇ ಒಳಗೆ ಹೋಗಬೇಕು.