ನೆಗ್ಗಿಲು: ಗಡಿನಾಡಿನ ಒಂದು ಔಷಧನಾಮದ ಚರಿತ್ರೆ

ಚರಕಸಂಹಿತೆಯು ಮೂತ್ರವಿರೇಚನೀಯವೆಂದು ಎಣಿಸುವ ಹತ್ತು ದ್ರವ್ಯಗಳಲ್ಲಿ ಶ್ವದಂಷ್ಟ್ರಾ, ಅಂದರೆ ಗೋಕ್ಷುರವೂ ಒಂದು. 1753ರಲ್ಲಿ ಲಿನೇಯಸ್ ಇದನ್ನು ಟ್ರಿಬ್ಯುಲಸ್ ಟೆರೆಸ್ಟ್ರಿಸ್ ಎಂದು ಹೆಸರಿಸಿದನು. ಆದರೆ ಮೂತ್ರಬಾಧೆಗೆ ಇದರ ಕಷಾಯ ಕುಡಿಯುವ ಜನರ ತಿಳಿವಳಿಕೆಯನ್ನು ದೇಶ್ಯನಾಮಗಳಲ್ಲಿ ಅರಸಬೇಕು. ಕನ್ನಡದ ನೆಗ್ಗಿಲು ತಮಿಳಿನಲ್ಲಿ ನೆರುಂಜಿ, ತೆಲುಗಿನಲ್ಲಿ ಪಲ್ಲೇರು.

ಇದೇ ಉಪಯೋಗಕ್ಕೆ ಬರುವ, ಬೇರೊಂದು ಸಸ್ಯಕುಟುಂಬದ ಪೆಡಾಲಿಯಮ್ ಮ್ಯೂರೆಕ್ಸ್ ಕನ್ನಡದಲ್ಲಿ ಆನೆನೆಗ್ಗಿಲು, ತಮಿಳಿನಲ್ಲಿ ಆನೈನೆರುಂಜಿ, ತೆಲುಗಿನಲ್ಲಿ ಏನುಗುಪಲ್ಲೇರು. ಸಂಸ್ಕೃತದ ಬೃಹದ್ಗೋಕ್ಷುರದಲ್ಲಿ ಆನೆಯ ಸುಳಿವಿಲ್ಲ. ಆದ್ದರಿಂದ ಈ ಸಾಮ್ಯವು ಗ್ರಂಥಮೂಲದ್ದಲ್ಲ, ನೆರೆಭಾಷಿಕರ ಕೊಡುಕೊಳೆಯದು ಎಂದು ಊಹಿಸಬಹುದು. ತಾಳವಾಡಿ, ರಾಯದುರ್ಗಗಳಂಥ ದ್ವಿಭಾಷಿಕ ನೆಲೆಗಳಲ್ಲಿ ಎರಡನ್ನೂ ಬರಿದೆ ಗೋಕ್ಷುರವೆಂದು ದಾಖಲಿಸಿದರೆ, ಗಿಡಗಳನ್ನು ಬೇರ್ಪಡಿಸಿ ಗುರುತಿಸಿದ ಜನವಿವೇಕವೇ ಕಡತದಿಂದ ಅಳಿಯುತ್ತದೆ.